ಕಾಲಾ ಘೋಡಾದ 'ಮೀಟರು'

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರು ನಿಂತದ್ದು ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ, 1935ರ ಜುಲೈ 16ರಂದು. ಗಂಟೆಗೆ 5 ಸೆಂಟ್. ವಿಚಾರ ಹೊಳೆದದ್ದು ಪತ್ರಿಕೆ ನಡೆಸುತ್ತಿದ್ದ ಕಾರ್ಲ್ ಮಗೀ ಎಂಬವರಿಗೆ. ಮೀಟರು ಪೂರೈಸಿದ ಕಂಪನಿಯೂ ಅವರದೇ ಅನ್ನಿ!

ನಮ್ಮ ಮುಂಬೈ ಹೆಚ್ಚಾಗಿ ನಂಬಿದ್ದು ಮನುಷ್ಯರನ್ನು. ಪಾಲಿಕೆ ಟೆಂಡರ್ ಕರೆದು ರಸ್ತೆಯಂಚನ್ನು 'ಪೇ ಅಂಡ್ ಪಾರ್ಕ್' ಅಂತ ಗುತ್ತಿಗೆಗೆ ಕೊಡೋದು, ಗುತ್ತಿಗೆದಾರನ ಹುಡುಗ ರಸೀದಿ ಪುಸ್ತಕ ಹಿಡಿದು ಬಿಸಿಲಲ್ಲಿ ನಿಲ್ಲೋದು. ಅವನೇ ಇಲ್ಲಿಯ ಮೀಟರು.

ಫೋರ್ಟಿನ ಕಾಲಾ ಘೋಡಾವನ್ನೇ ನೋಡಿ. ಕಪ್ಪು ಕುದುರೆ ಏರಿದ್ದ ಏಳನೇ ಎಡ್ವರ್ಡನ ಪ್ರತಿಮೆಯನ್ನು 1965ರಲ್ಲಿ ಕಿತ್ತು ರಾಣಿ ಬಾಗಿಗೆ ಸಾಗಿಸಿದರು. ಹೆಸರು ಮಾತ್ರ ಅಲ್ಲೇ ಉಳಿಯಿತು, ಜಾಗ ಕಾರುಗಳ ಪಾಲಾಯಿತು. ದೊರೆ ಎದ್ದು ಹೋದ ಜಾಗಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ! 2017ರಲ್ಲಿ ಅಲ್ಲಿಗೆ ಹೊಸ ಕುದುರೆ ಬಂತು, ಸವಾರನಿಲ್ಲದೆ.

ಗುತ್ತಿಗೆದಾರರು ಹೆಚ್ಚು ಹಣ ಕೀಳುತ್ತಾರೆ ಅನ್ನೋ ದೂರು ಹಳೆಯದು. 2010ರ ದಶಕದಲ್ಲಿ ಪಾಲಿಕೆ ಇಂಥ ಜಾಗಗಳಲ್ಲಿ ಅರ್ಧದಷ್ಟನ್ನು ಮಹಿಳಾ ಬಚತ್ ಗಟ್‌ಗಳಿಗೆ ಮೀಸಲಿಡುವ ನೀತಿ ತಂದಿತು. ದಶಕಗಳಿಂದ ಈ ಊರಿನ ಟೆಂಡರುಗಳ ಸುದ್ದಿ ಓದುತ್ತಾ ಬಂದ ನನಗೆ ಇದು ದೊಡ್ಡ ಮಾತು ಅನಿಸಿತ್ತು. ರಸ್ತೆಯ ದುಡ್ಡು ಯಾರ ಮನೆಯ ಒಲೆ ಹೊತ್ತಿಸಬೇಕು ಅಂತ ಒಂದು ಊರು ಯೋಚಿಸಿತಲ್ಲ!

ಯಂತ್ರ ಬಂದರೆ ಸೋರಿಕೆ ನಿಲ್ಲುತ್ತದೆ ಅನ್ನುತ್ತಾರೆ. ನಿಲ್ಲಬಹುದು. ಆದರೆ ಯಂತ್ರದ ಕಂಪನಿಯನ್ನು ಆರಿಸುವಾಗ, ಆ ಹೆಂಗಸರ ಕೆಲಸ ಏನಾಗುತ್ತದೆ ಅಂತ ಅದೇ ಟೆಂಡರಿನಲ್ಲಿ ಬರೆದಿರಲಿ ಅನ್ನೋದು ನನ್ನ ಹಟ.