ಪರದೆಯ ಆಚೆಗಿನ ಮಂಚ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕರಲ್ಲಿ ಯಾವ ಊರಿನ ಆಸ್ಪತ್ರೆಗೆ ಹೋದರೂ, ಹೆಂಗಸರ ಪರೀಕ್ಷೆಯ ಕೋಣೆಯ ಮುಂದಿನ ಬೆಂಚಿನಲ್ಲಿ ಮೊದಲ ಸಲ ಬಂದ ಹುಡುಗಿ ಯಾರೆಂದು ಹುಡುಕಬೇಕಾಗಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿರುವವಳು ಅವಳೇ. ‘ಒಳಗೆ ಏನ್ ಮಾಡ್ತಾರಕ್ಕ?’ ಎಂದು ಪಕ್ಕದವಳನ್ನು ಪಿಸುದನಿಯಲ್ಲಿ ಕೇಳುತ್ತಾಳೆ. ‘ಏನಿಲ್ಲ ಕಣವ್ವ, ಉಸ್ರು ಬುಟ್ಟು ಸುಮ್ಕೆ ಮನಿಕ್ಕೊ, ಎಲ್ಡು ನಿಮಿಷ’ ಎಂಬುದು ಉತ್ತರ. ವೈದ್ಯಶಾಸ್ತ್ರ ಓದದ ಆ ಹೆಂಗಸಿನ ಸಲಹೆ ಪೂರ್ತಿ ಸರಿ. ಕಾರಣ ಮುಂದೆ ಬರುತ್ತದೆ. ಆದರೆ ಎರಡು ನಿಮಿಷದ ಕೆಲಸಕ್ಕೆ ಇಷ್ಟು ಭಯವೇಕೆ? ನಾಚಿಕೆ, ತಿಳಿವಳಿಕೆ ಸಾಲದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈ ಭಯಕ್ಕೂ ಒಂದು ಇತಿಹಾಸ ಉಂಟು. ಅದರ ಒಂದು ವಿಚಿತ್ರ ಅಧ್ಯಾಯ ನಡೆದದ್ದು ರಾಮನಗರದಲ್ಲಿಯೇ.

ಆಸ್ಪತ್ರೆಗಳು ಬರುವ ಮೊದಲು ಹೆಣ್ಣಿನ ದೇಹದ ಕಷ್ಟವನ್ನು ನೋಡುತ್ತಿದ್ದವಳು ಸೂಲಗಿತ್ತಿ. ಅವಳ ಉಪಕರಣ ಅಂಗೈ. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ತಲೆ ಎತ್ತ, ಕಾಲು ಎತ್ತ ಎಂದು ಹೇಳುತ್ತಿದ್ದಳು. ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಇಂತಹ ಕೈಗುಣಕ್ಕೆ ಹೆಸರಾಗಿದ್ದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಪರೀಕ್ಷೆ ನಡೆಯುತ್ತಿದ್ದುದು ಮನೆಯ ಮೂಲೆಕೋಣೆಯಲ್ಲಿ, ಗುರುತಿನ ಕೈಯಿಂದ, ಉಟ್ಟ ಸೀರೆ ಮೈಮೇಲಿರುವಂತೆಯೇ. ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ತೊಳೆಯದ ಕೈಯಿಂದ ನಂಜು ಒಳಸೇರಿ ಬಾಣಂತಿ ಸನ್ನಿಯೆಂಬ ಹೆಸರಿನಲ್ಲಿ ಸತ್ತವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಹಳೆಯ ಪದ್ಧತಿಯಲ್ಲಿ ಪರಿಚಯವಿತ್ತು, ಶುಚಿ ಇರಲಿಲ್ಲ. ಮುಂದೆ ಬಂದ ಆಸ್ಪತ್ರೆಯಲ್ಲಿ ಶುಚಿ ಇತ್ತು, ಪರಿಚಯ ಇರಲಿಲ್ಲ.

ಹುಡುಗಿಯರು ಹೆದರುವ ಆ ಲೋಹದ ಉಪಕರಣ, ಸ್ಪೆಕ್ಯುಲಂ, ಹೊಸದೇನಲ್ಲ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಪಟ್ಟಣ ಪಾಂಪೆಯಲ್ಲಿ ತಿರುಪು ತಿರುಗಿಸಿ ಅಗಲಿಸುವ ಕಂಚಿನ ಸ್ಪೆಕ್ಯುಲಂ ಸಿಕ್ಕಿದೆ. ಆಧುನಿಕ ರೂಪಕ್ಕೆ ಹೆಸರು ಬಂದದ್ದು ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಮೇರಿಯನ್ ಸಿಮ್ಸ್‌ನಿಂದ. 1845ರಿಂದ 1849ರವರೆಗೆ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಅವನು ಚಮಚದ ಹಿಡಿಯನ್ನು ಬಗ್ಗಿಸಿ ಮಾಡಿದ ಉಪಕರಣದಿಂದ ಪರೀಕ್ಷಿಸಿ ಶಸ್ತ್ರಚಿಕಿತ್ಸೆ ಕಲಿತ. ಯಾರ ಮೇಲೆ? ಗುಲಾಮ ಹೆಂಗಸರ ಮೇಲೆ. ಕಷ್ಟದ ಹೆರಿಗೆಯಲ್ಲಿ ಗಾಯಗೊಂಡು ಮೂತ್ರ ಸೋರುತ್ತಿದ್ದವರು ಅವರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರುಗಳು ಉಳಿದಿವೆ. ಮತ್ತು ಬರಿಸುವ ಔಷಧಿಯಿಲ್ಲದೆ ಅನಾರ್ಕಾ ಒಬ್ಬಳಿಗೇ ಸುಮಾರು 30 ಸಲ ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಕಲಿತ ವಿದ್ಯೆ ಮುಂದೆ ಲಕ್ಷಾಂತರ ಹೆಂಗಸರ ಕಷ್ಟ ನೀಗಿಸಿತು ಎಂಬುದೂ ನಿಜ, ಆ ಮೂವರನ್ನು ಒಪ್ಪಿಗೆ ಕೇಳಿದವರಿಲ್ಲ ಎಂಬುದೂ ನಿಜ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್‌ನ ಪ್ರತಿಮೆಯನ್ನು 2018ರಲ್ಲಿ ತೆಗೆಯಲಾಯಿತು.

ನಮ್ಮಲ್ಲಿಗೆ ಈ ಪರೀಕ್ಷೆ ಬಂದ ದಾರಿಯೂ ಅಷ್ಟೇನೂ ಒಳ್ಳೆಯದಲ್ಲ. ಬ್ರಿಟಿಷ್ ಸಿಪಾಯಿಗಳಲ್ಲಿ ಗುಹ್ಯರೋಗ ಹರಡುವುದನ್ನು ತಡೆಯಲು 1864ರ ದಂಡುಪ್ರದೇಶ ಕಾಯಿದೆ, 1868ರ ಸಾಂಕ್ರಾಮಿಕ ರೋಗ ಕಾಯಿದೆ ಬಂದವು. ದಂಡಿನ ಬಳಿಯ ವೇಶ್ಯೆಯರು ಹೆಸರು ನೋಂದಾಯಿಸಿಕೊಂಡು ನಿಗದಿಯಾದ ದಿನ ಪರೀಕ್ಷೆಗೆ ಬರಬೇಕು. ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕುತ್ತಿದ್ದರು. ರೋಗ ಹಂಚಿದ ಸಿಪಾಯಿಗೆ ಈ ಕಟ್ಟಳೆ ಇರಲಿಲ್ಲ. ಬೆಂಗಳೂರು ದಂಡಿನಲ್ಲಿಯೂ ಇಂತಹ ಆಸ್ಪತ್ರೆಯೊಂದಿತ್ತು. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮುಂದಾಳಾಗಿ ನಡೆಸಿದ ಚಳವಳಿಯಿಂದ ಅಲ್ಲಿನ ಕಾಯಿದೆ 1886ರಲ್ಲಿ ರದ್ದಾಯಿತು, ಭಾರತದ್ದು 1888ರಲ್ಲಿ. ಹೀಗೆ ಈ ನಾಡಿನಲ್ಲಿ ಪರದೆಯ ಆಚೆಗಿನ ಮಂಚ ಹಲವು ಹೆಂಗಸರಿಗೆ ಮೊದಲು ಗುರುತಾದದ್ದು ಚಿಕಿತ್ಸೆಯಾಗಿ ಅಲ್ಲ, ಪೊಲೀಸಿನವರ ಕೆಲಸವಾಗಿ.

ಅದು ಚಿಕಿತ್ಸೆಯಾಗಲು ಹೆಣ್ಣು ವೈದ್ಯರು ಬರಬೇಕಾಯಿತು. 1885ರಲ್ಲಿ ವೈಸರಾಯ್ ಡಫರಿನ್‌ನ ಹೆಂಡತಿ ಹೆಣ್ಣು ವೈದ್ಯರ, ದಾದಿಯರ ತರಬೇತಿಗಾಗಿ ನಿಧಿಯೊಂದನ್ನು ಸ್ಥಾಪಿಸಿದಳು. ಮರುವರ್ಷ ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದರು. ಬೆಂಗಳೂರಿನಲ್ಲಿ ಸನ್ಯಾಸಿನಿಯರ ಸೇಂಟ್ ಮಾರ್ತಾಸ್ ಆಸ್ಪತ್ರೆ 1886ರಲ್ಲಿ ಶುರುವಾಯಿತು. ಮೈಸೂರಿನಲ್ಲಿ ‘ಮಿಷನ್ ಆಸ್ಪತ್ರೆ’ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಬಂತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರದು. ರಾಮನಗರ, ಚನ್ನಪಟ್ಟಣದವರು ಮೈಸೂರು ರೈಲು ಹಿಡಿದು ಇವಕ್ಕೆ ಹೋಗಬಹುದಿತ್ತು. ಕನಕಪುರ, ಮಾಗಡಿಯವರಿಗೆ ರೈಲೂ ಇರಲಿಲ್ಲ, ಇಂದಿಗೂ ಇಲ್ಲ.

ಇನ್ನು ರಾಮನಗರದ ಕಥೆ. ಈ ಊರೆಂದರೆ ‘ಶೋಲೆ’ ಚಿತ್ರದ ಬಂಡೆಗಳು ಎನ್ನುವವರಿಗೆ ತಿಳಿಯದ ಸಂಗತಿ ಏನೆಂದರೆ, ಸಿನಿಮಾದವರಿಗಿಂತ 20 ವರ್ಷ ಮೊದಲೇ ಹೊರಗಿನವರು ಇಲ್ಲಿ ಬಿಡಾರ ಹೂಡಿದ್ದರು. ಅವರು ಕೇಳುತ್ತಿದ್ದುದು ಹೆಂಗಸರ ಮುಟ್ಟಿನ ತಾರೀಖು.

ಹಿನ್ನೆಲೆ ಹೀಗಿದೆ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶಿಸಿತ್ತು. ಜಗತ್ತಿನಲ್ಲಿ ಸರ್ಕಾರವೇ ಇಂತಹ ಕೆಲಸಕ್ಕೆ ಕೈಹಾಕಿದ್ದು ಇದೇ ಮೊದಲೆಂದು ಹೇಳುವುದುಂಟು. ಅದೇ ದಶಕದಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಹುಟ್ಟಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಜನಸಂಖ್ಯೆಯ ಚಿಂತೆ ದೆಹಲಿಗೂ ಹತ್ತಿತು. ಆದರೆ ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ; ಸಂಯಮವಲ್ಲದ ಬೇರೆ ಉಪಾಯ ಅವರಿಗೆ ಒಗ್ಗದು. ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ 1951ರಲ್ಲಿ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ, ಈ ಎರಡು ಕಡೆ 1952ರಿಂದ ಪ್ರಯೋಗ ನಡೆಯಿತು. ಮುಟ್ಟಿನ ದಿನ ಲೆಕ್ಕ ಹಾಕಿ, ಗರ್ಭ ನಿಲ್ಲುವ ದಿನಗಳಲ್ಲಿ ಗಂಡಹೆಂಡಿರು ದೂರವಿರುವ ಪದ್ಧತಿ ಅದು.

ಒಳಪರೀಕ್ಷೆಗೂ ಇದಕ್ಕೂ ಏನು ಸಂಬಂಧ? ಆ ಕಾಲದಲ್ಲಿ ಪಾಶ್ಚಾತ್ಯ ಚಿಕಿತ್ಸಾಲಯಗಳು ಕೊಡುತ್ತಿದ್ದ ಮುಖ್ಯ ಸಾಧನ ಡಯಾಫ್ರಮ್ ಎಂಬ ರಬ್ಬರ್ ಬಿಲ್ಲೆ. ಅಳತೆ ನೋಡದೆ ಅದನ್ನು ಕೊಡುವಂತಿಲ್ಲ, ಅಳತೆಗೆ ಹೆಂಗಸು ಮಂಚದ ಮೇಲೆ ಮಲಗಲೇಬೇಕು. ದಿನದ ಲೆಕ್ಕಕ್ಕೆ ಮಂಚ ಬೇಡ, ಲೋಹ ಬೇಡ. ಓದು ಬಾರದವರಿಗಾಗಿ ಒಂದು ಮಣಿಸರ ತಯಾರಾಯಿತು. ಹಸಿರು ಮಣಿ ಭಯವಿಲ್ಲದ ದಿನ, ಕೆಂಪು ಮಣಿ ದೂರವಿರಬೇಕಾದ ದಿನ. ದಿನಕ್ಕೊಂದು ಮಣಿ ಸರಿಸಿದರೆ ಆಯಿತು. ಕತ್ತಲಲ್ಲಿ ಬಣ್ಣ ತಿಳಿಯುವುದಿಲ್ಲ, ಮಕ್ಕಳು ಆಡುತ್ತ ಮಣಿ ಸರಿಸಿಬಿಡುತ್ತಾರೆ, ಮಣಿ ಸರಿಸುವುದೇ ಮದ್ದೆಂದು ಕೆಲವರು ನಂಬಿದ್ದಾರೆ ಎಂಬ ಕಥೆಗಳು ದೇಶವಿದೇಶದಲ್ಲೆಲ್ಲ ಓಡಾಡಿದವು. ಹಳ್ಳಿಯ ಹೆಂಗಸರನ್ನು ನಗೆಪಾಟಲು ಮಾಡಲು ಈ ಕಥೆಗಳು ಚೆನ್ನಾಗಿ ಒದಗಿದವು. ನಗುವಂಥದ್ದು ಅವರಲ್ಲಿ ಇರಲಿಲ್ಲ. ಎದೆಹಾಲು ಕುಡಿಸುವವಳಿಗೆ ಮುಟ್ಟೇ ಸರಿಯಾಗಿ ಬಾರದು, ಅವಳು ಲೆಕ್ಕ ಎಲ್ಲಿಂದ ಹಿಡಿಯಬೇಕು? ಕೆಂಪು ಮಣಿಯ ದಿನ ಬೇಡವೆನ್ನುವ ಅಧಿಕಾರ ಹೆಂಡತಿಯ ಕೈಯಲ್ಲಿ ಇತ್ತೇ? ಇನ್ನು ಕೊರಳಲ್ಲಿ ಆ ಸರ ಹಾಕಿಕೊಂಡರೆ ತನ್ನ ದೇಹದ ಲೆಕ್ಕ ಅತ್ತೆ, ನಾದಿನಿ, ನೆರೆಮನೆಗೆಲ್ಲ ತೆರೆದಿಟ್ಟಂತೆ. ಪರದೆ, ಮಂಚ ತಪ್ಪಿಸಿಕೊಂಡ ಪದ್ಧತಿ ಇನ್ನೊಂದು ಬಗೆಯಲ್ಲಿ ಅವಳನ್ನು ಬಯಲಿಗೆ ತಂದಿತ್ತು.

ಆದರೂ ಈ ಪ್ರಯೋಗದಲ್ಲಿ ಒಂದು ಸಂಗತಿ ಗೆದ್ದಿತು. ಅದನ್ನು ಗಮನಿಸಿದವರು ಕಡಿಮೆ. ಮೈನೆರೆದ ಹುಡುಗಿಗೆ ಒಸಗೆ ಮಾಡಿ ಊರಿಗೆಲ್ಲ ಸಾರಿದರೂ ಆಮೇಲಿನ ಮುಟ್ಟಿನ ಬಗ್ಗೆ ಬಾಯಿಬಿಡಬಾರದು ಎನ್ನುವ ಸೀಮೆ ಇದು. ಇಲ್ಲಿನ ಹೆಂಗಸರು, ಕೇಳುವ ರೀತಿಯಲ್ಲಿ ಕೇಳಿದಾಗ ತಮ್ಮ ತಾರೀಖುಗಳನ್ನು ಹೇಳಿದರು, ಮಕ್ಕಳು ಸಾಕೆಂಬುದನ್ನೂ ಹೇಳಿದರು. ಕಲಿಯಲು ಒಪ್ಪಿದವರು ಬಹಳ ಮಂದಿ, ಕೊನೆಯವರೆಗೆ ಪಾಲಿಸಿದವರು ಕೆಲವೇ ಮಂದಿ. ಬಾಯಿ ಕಟ್ಟಿದ್ದು ನಾಚಿಕೆಯೊಂದೇ ಅಲ್ಲ, ಕೇಳುವವರ ಬಗೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಣಿಸರದ ಕಲ್ಪನೆ ಸಾಯಲಿಲ್ಲ ಎಂಬುದು ಸ್ವಾರಸ್ಯ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಈ ಶತಮಾನದ ಆರಂಭದಲ್ಲಿ 32 ಮಣಿಗಳ ಸರವೊಂದನ್ನು ಹೊರತಂದರು. ಅದರ ಬಿಳಿಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ!

ಬೆಂಚಿನ ಮೇಲಿನ ಹುಡುಗಿಯ ಪ್ರಶ್ನೆಗೆ ಈಗ ಬರಬಹುದು. ಒಳಗೆ ಏನು ಮಾಡುತ್ತಾರೆ? ಮೊದಲು ಮಾತು. ಕಡೆಯ ಸಲ ಮುಟ್ಟಾದ ತಾರೀಖು, ಎಷ್ಟು ದಿನ, ನೋವು, ಬಿಳಿ ಹೋಗುವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಗಾಬರಿಯಲ್ಲಿ ಮರೆಯುವುದಿಲ್ಲ. ಆಮೇಲೆ ಹೊಟ್ಟೆ ಒತ್ತಿ ನೋಡುವುದು. ಒಳಪರೀಕ್ಷೆ ಬೇಕೆನಿಸಿದರೆ ಮಾತ್ರ ಹೊರಭಾಗ ನೋಡಿ, ಸ್ಪೆಕ್ಯುಲಂ ಇಟ್ಟು ಗರ್ಭಕೊರಳನ್ನು ನೋಡುತ್ತಾರೆ. ಕಡೆಗೆ ಕೈಗವಸು ತೊಟ್ಟ ಬೆರಳನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆ ಒತ್ತಿ ಗರ್ಭಕೋಶದ ಗಾತ್ರ ತಿಳಿಯುತ್ತಾರೆ. ದೇಹಸಂಬಂಧ ಆಗದ ಹುಡುಗಿಗೆ ಸಾಮಾನ್ಯವಾಗಿ ಇದು ಬೇಕಾಗುವುದೇ ಇಲ್ಲ. ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಸಾಕು. ಸ್ಕ್ಯಾನಿಂಗಿಗೆ ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕು, ಒಳಪರೀಕ್ಷೆಗೆ ಮೂತ್ರ ಮಾಡಿ ಬರಬೇಕು. ಇದನ್ನು ತಿರುಗುಮುರುಗು ಮಾಡಿಕೊಂಡು ಒದ್ದಾಡುವವರೇ ಹೆಚ್ಚು. ಸೀರೆ ಅಥವಾ ಸಡಿಲ ಲಂಗ ಉಟ್ಟರೆ ಪೂರ್ತಿ ಬಿಚ್ಚುವ ಪ್ರಮೇಯ ಬಾರದು.

ಇನ್ನು ‘ಉಸ್ರು ಬುಟ್ಟು ಮನಿಕ್ಕೊ’ ಎಂಬ ಮಾತು. ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲಿನಂತೆ ಹರಡಿರುವ ಸ್ನಾಯುಗಳು ಭಯವಾದಾಗ ತೊಡೆ, ಸೊಂಟಗಳ ಜೊತೆಯಲ್ಲಿ ತಾವೂ ಬಿಗಿಯುತ್ತವೆ. ಉಸಿರು ಕಟ್ಟಿದರೆ ಇನ್ನೂ ಬಿಗಿ. ಬಿಗಿದಾಗಲೇ ನೋವು. ನಿಧಾನವಾಗಿ ಉಸಿರು ಬಿಟ್ಟರೆ ಅವು ಸಡಿಲವಾಗುತ್ತವೆ. ಸೊಂಟವನ್ನು ಮೇಲಕ್ಕೆ ಎತ್ತದೆ ಮಂಚಕ್ಕೆ ಊರಬೇಕು, ಹಲ್ಲು ಕಚ್ಚಬಾರದು. ನೋವಾದರೆ ‘ನಿಲ್ಲಿಸಿ’ ಎಂದು ಬಾಯಿಬಿಟ್ಟು ಹೇಳಬಹುದು, ಹೇಳಿದರೆ ನಿಲ್ಲಿಸಬೇಕು. ಧೈರ್ಯವೆಲ್ಲ ಹುಡುಗಿಯ ಪಾಲಿಗೇ ಬಿಡುವುದು ಮಾತ್ರ ಅನ್ಯಾಯ. ಲೋಹವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡುವುದು, ಚಿಕ್ಕ ಅಳತೆಯದನ್ನು ಆರಿಸುವುದು, ಹೊದಿಸಲು ಒಂದು ಬಟ್ಟೆ, ಜೊತೆಗೆ ಒಬ್ಬ ಹೆಂಗಸು, ‘ಈಗ ಮುಟ್ಟುತ್ತೇನೆ’ ಎಂಬ ಒಂದು ಮಾತು, ಇವು ವೈದ್ಯರ ಪಾಲು. ಅನಾರ್ಕಾಳಿಗೆ, ದಂಡಿನ ಹೆಂಗಸರಿಗೆ ಸಿಗದೆ ಹೋದದ್ದು ಇವೇ.

ಹುಡುಗಿಯರು ಬಾಯಿಬಿಟ್ಟು ಹೇಳದ ಇನ್ನೊಂದು ಹೆದರಿಕೆ, ಡಾಕ್ಟರು ತನ್ನ ಬಗ್ಗೆ ಏನೋ ‘ಕಂಡುಹಿಡಿದುಬಿಡುತ್ತಾರೆ’ ಎಂಬುದು. ಪರೀಕ್ಷೆಯಿಂದ ಕನ್ಯತ್ವ ತಿಳಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಖಾಸಗಿತನ, ಘನತೆಗಳ ಮೇಲಿನ ಹಲ್ಲೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದು ನಿಲ್ಲದ್ದರಿಂದ, ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು 2022ರಲ್ಲಿ ಮತ್ತೆ ಎಚ್ಚರಿಸಬೇಕಾಯಿತು.

ಇಷ್ಟಾದರೂ ಈ ಪರೀಕ್ಷೆಯನ್ನು ಮುಂದೂಡುತ್ತ ಹೋಗುವಂತಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ರೋಗ. ಅದರ ಮುನ್ಸೂಚನೆಯನ್ನು ಜೀವಕೋಶಗಳ ಲೇಪದಲ್ಲಿ ಗುರುತಿಸಬಹುದೆಂದು ಪಾಪನಿಕೊಲಾವು 1943ರ ಗ್ರಂಥದಲ್ಲಿ ತೋರಿಸಿಕೊಟ್ಟ. ‘ಪ್ಯಾಪ್’ ಪರೀಕ್ಷೆ ಎಂಬುದು ಅವನ ಹೆಸರಿನ ತುಂಡು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ರೋಗ ಬಲಿತ ಮೇಲೆ ಅಲ್ಲಿಗೆ ಓಡುವುದಕ್ಕಿಂತ ತಾಲ್ಲೂಕಿನಲ್ಲೇ ಎರಡು ನಿಮಿಷ ಮಲಗುವುದು ಸುಲಭ. ಈಗ ಇನ್ನೊಂದು ದಾರಿಯೂ ತೆರೆದಿದೆ. ಈ ಕ್ಯಾನ್ಸರಿಗೆ ಕಾರಣವಾದ ವೈರಸ್ಸನ್ನು ಪತ್ತೆಹಚ್ಚಲು ಹೆಂಗಸು ತಾನೇ ಮಾದರಿ ತೆಗೆದುಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಒಪ್ಪಿದೆ. ಪರದೆಯ ಆಚೆ ಅವಳೊಬ್ಬಳೇ, ಕೈಯಲ್ಲಿ ಒಂದು ಸಣ್ಣ ಕುಂಚ. ಫಲಿತಾಂಶದಲ್ಲಿ ಏನಾದರೂ ಕಂಡರೆ ಮಾತ್ರ ಮಂಚ.