ಬೆಂಗಳೂರಿನ ಮೊದಲ ಸ್ಕೌಟ್ ದಳ

ನಾವು ದುಡಿಯಲು ಬಂದ ಈ ಎಮಿರೇಟ್ಸ್ 1971ರಲ್ಲಿ ಒಕ್ಕೂಟವಾಯಿತು. ಮರುವರ್ಷವೇ ಇಲ್ಲಿ ಸ್ಕೌಟ್ ಸಂಘ ಹುಟ್ಟಿತು. ನಮ್ಮ ನಾಡಿನಲ್ಲಿ ಈ ಚಳವಳಿಯ ಕಥೆ ಇನ್ನೂ ಹಳೆಯದು, ತುಸು ಕಹಿಯೂ ಹೌದು. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ್ದು ಬೆಂಗಳೂರಿನಲ್ಲಿ. ಆದರೆ ಅದು ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮೀಸಲು. ನೆಲದ ಮಕ್ಕಳಾದ ಕನ್ನಡ ಬಾಲಕರಿಗೆ ಪ್ರವೇಶವಿರಲಿಲ್ಲ. ನಮ್ಮೂರಿನಲ್ಲೇ ನಮ್ಮ ಮಕ್ಕಳು ಹೊರಗಿನವರು!

1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಬಾಲಕರಿಗೆಂದೇ ಪ್ರತ್ಯೇಕ ಸಂಘವನ್ನು ಸ್ಥಾಪಿಸಿದರು. ಅಲ್ಲಿ ಹ್ಯಾಟಿನ ಬದಲು ಪೇಟ, ಹಾಡುಗಳೂ ದೇಶೀಯವೇ. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬಾಲಕರ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಉದಯಿಸಿತು. ಬಾಲಕಿಯರ ಗೈಡ್ ಸಂಘ ಅದರಲ್ಲಿ ವಿಲೀನಗೊಂಡದ್ದು 1951ರ ಆಗಸ್ಟ್ 15ರಂದು: ಬೇಕರರ ದಳ ಹುಟ್ಟಿದ 42 ವರ್ಷಗಳ ಬಳಿಕ.