ವಿಶ್ವವಿದ್ಯಾಲಯಗಳಲ್ಲಿ ಜಾನಪದ ಶಿಕ್ಷಣ: ಬೆಳವಣಿಗೆ ಮತ್ತು ಸವಾಲುಗಳು

ಕನ್ನಡ ನಾಡಿನಲ್ಲಿ ಜಾನಪದದ ಸಂಗ್ರಹಕಾರ್ಯವು ವಿಶ್ವವಿದ್ಯಾಲಯಗಳಿಗಿಂತ ಹಳೆಯದು. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ, ಜೆ.ಎಫ್. ಫ್ಲೀಟ್ ಅದಕ್ಕೂ ಮುನ್ನ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಕನ್ನಡ ಲಾವಣಿಗಳನ್ನು ಪ್ರಕಟಿಸಿದ್ದರು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಕೂಡ ಯಾವುದೇ ಪಠ್ಯಕ್ರಮದ ಅಗತ್ಯದಿಂದ ಹುಟ್ಟಿದ್ದಲ್ಲ. ಆದ್ದರಿಂದ ಜಾನಪದವು ಉನ್ನತ ಶಿಕ್ಷಣವನ್ನು ಪ್ರವೇಶಿಸಿದಾಗ ಎದುರಾದ ಪ್ರಶ್ನೆ ಸಾಮಗ್ರಿಯ ಕೊರತೆಯದಾಗಿರಲಿಲ್ಲ. ಹಾಡುವವರ ನಾಲಗೆಯಲ್ಲಿದ್ದುದನ್ನು ತರಗತಿ, ಪರೀಕ್ಷೆ, ಪದವಿಗಳ ಚೌಕಟ್ಟಿಗೆ ಹೇಗೆ ಒಗ್ಗಿಸಬೇಕು ಎಂಬುದೇ ಆ ಪ್ರಶ್ನೆಯಾಗಿತ್ತು.

1966ರಲ್ಲಿ ಮೈಸೂರಿನಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯು ದೇ. ಜವರೇಗೌಡರ ನೇತೃತ್ವದಲ್ಲಿ ಇದಕ್ಕೊಂದು ನೆಲೆ ಒದಗಿಸಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಅದಕ್ಕಾಗಿ ಶ್ರಮಿಸಿದರು. 1970ರ ದಶಕದಲ್ಲಿ ಸ್ನಾತಕೋತ್ತರ ಜಾನಪದ ಅಧ್ಯಯನ ಆರಂಭವಾಯಿತು. ಜೀ.ಶಂ. ಪರಮಶಿವಯ್ಯನವರು ಕ್ಷೇತ್ರಕಾರ್ಯವನ್ನು ಈ ಶಿಸ್ತಿನ ಬೆನ್ನೆಲುಬಾಗಿಸಿದರು.

ಇಲ್ಲಿಂದಲೇ ಸವಾಲುಗಳೂ ಆರಂಭವಾದವು. ಮಲೆಯ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆಯೊಡನೆ ಇರುಳುಗಟ್ಟಲೆ ಹಾಡುತ್ತಾರೆ. ಅವರ ಪಾಲಿಗೆ ಅದು ಕಲೆಯಷ್ಟೇ ಅಲ್ಲ, ದೀಕ್ಷೆಯೂ ಹೌದು. ಗುರುವಿನ ಹಿಂದೆ ಸಾಗಿ ವರ್ಷಗಳ ಕಾಲ ಕಲಿಯುವ ಈ ಕ್ರಮವನ್ನು ಎರಡು ವರ್ಷಗಳ ಪಠ್ಯಕ್ರಮ ಅನುಕರಿಸಲಾರದು. ಅಚ್ಚಾದ ಪಠ್ಯ ಪರೀಕ್ಷೆಗೆ ಒದಗುತ್ತದೆ. ಧಾಟಿ, ಕುಣಿತ, ಕೇಳುಗರ ಭಾಗವಹಿಸುವಿಕೆ ಹೊರಗುಳಿಯುತ್ತವೆ.

ಎರಡನೆಯದು ಬೋಧಕರ ಪ್ರಶ್ನೆ. ವಿಶ್ವವಿದ್ಯಾಲಯದ ಹುದ್ದೆಗೆ ಪದವಿ ಬೇಕು. ಕಾವ್ಯವನ್ನು ಬಲ್ಲವರಲ್ಲಿ ಅನೇಕರಿಗೆ ಅಕ್ಷರವೇ ಒಲಿದಿರಲಿಲ್ಲ. ಓದುಬರಹ ಬಾರದ ಬುರ್ರಕಥಾ ಗಾಯಕಿ ದರೋಜಿ ಈರಮ್ಮನವರನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವದಿಂದ ಮನ್ನಿಸಿತು. ಆದರೆ ಅಂಥವರಿಗೆ ಗೌರವ ಸಲ್ಲಿಸುವುದು ಸುಲಭ, ಬೋಧನಪೀಠ ನೀಡುವುದು ಕಷ್ಟ. ನೇಮಕಾತಿಯ ನಿಯಮಗಳು ಲಿಖಿತ ವಿದ್ಯೆಯನ್ನು ಮಾತ್ರ ಅಳೆಯಬಲ್ಲವು.

ಮೂರನೆಯದು ಉದ್ಯೋಗದ ಪ್ರಶ್ನೆ. ಶಾಲೆ ಹಾಗೂ ಪದವಿಪೂರ್ವ ಹಂತಗಳಲ್ಲಿ ಜಾನಪದ ಸ್ವತಂತ್ರ ವಿಷಯವಾಗಿಲ್ಲ. ಹೀಗಾಗಿ ಈ ಪದವೀಧರನಿಗೆ ಅಧ್ಯಾಪನದ ದಾರಿ ಕಿರಿದು. ಬಹುಮಟ್ಟಿಗೆ ಗ್ರಾಮೀಣ ಕುಟುಂಬಗಳಿಂದ ಬರುವ ವಿದ್ಯಾರ್ಥಿಗಳ ಪಾಲಿಗೆ ಇದು ಬದುಕಿನ ಪ್ರಶ್ನೆಯೇ ಆಗಿದೆ.

2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದುದು ಈ ಇತಿಹಾಸದ ಮಹತ್ವದ ಘಟ್ಟ. ಕನ್ನಡ ವಿಭಾಗದ ನೆರಳಿನಲ್ಲಿದ್ದ ಶಿಸ್ತಿಗೆ ತನ್ನದೇ ಮನೆ ದೊರೆಯಿತು. ಆದರೆ ಮನೆ ಕಟ್ಟಿದ ಮಾತ್ರಕ್ಕೆ ಮೇಲಿನ ಮೂರು ಪ್ರಶ್ನೆಗಳು ಬಗೆಹರಿಯುವುದಿಲ್ಲ. ಕಲಾವಿದನು ಮಾಹಿತಿ ನೀಡುವ 'ವಕ್ತೃ'ವಾಗಿ ಉಳಿಯದೆ ಬೋಧಕನಾಗಿ ತರಗತಿಯನ್ನು ಪ್ರವೇಶಿಸುವ ನಿಯಮ, ಅವನ ಅರಿವನ್ನು ಅಳೆಯುವ ಬೇರೊಂದು ಮಾನದಂಡ, ಕಲಿತವನಿಗೆ ಶಾಲಾ ಹಂತದಲ್ಲಿ ಅವಕಾಶ - ಇವು ಒದಗಿದಾಗಲೇ ಜಾನಪದ ಶಿಕ್ಷಣವು ಜನಪದರಿಗೂ ಸೇರಿದ್ದಾಗುತ್ತದೆ.